ಸೈಟ್ ತೆರೆಯುತ್ತಿಲ್ಲವೇ? ಬ್ರೌಸರ್‌ನಿಂದ ಸರ್ವರ್‌ವರೆಗೆ ತಪ್ಪು ಹುಡುಕುವ ಸಮಗ್ರ ಮಾರ್ಗದರ್ಶಿ

"ಸರ್ವರ್ ಮೂರು ಸಲ ರೀಸ್ಟಾರ್ಟ್ ಮಾಡಿದೆ. ಕ್ಯಾಶೆ ಕ್ಲಿಯರ್ ಮಾಡಿದೆ. ಬೇರೆ ಬ್ರೌಸರ್‌ನಲ್ಲೂ ನೋಡಿದೆ. ಏನೂ ಆಗ್ಲಿಲ್ಲ." ಸೈಟ್ ಕೈಕೊಟ್ಟಾಗ ಸಹಾಯ ಕೇಳುವವರ ಮೊದಲ ಮಾತು ಹೆಚ್ಚುಕಡಿಮೆ ಇದೇ. ಇದರಲ್ಲಿ ಮಾಡಿದ ಕೆಲಸ ಜಾಸ್ತಿ, ನೋಡಿದ್ದು ಕಡಿಮೆ. ರಿಕ್ವೆಸ್ಟ್ ಬ್ರೌಸರ್‌ನಿಂದ ಹೊರಟು ಎಲ್ಲಿಯವರೆಗೆ ಹೋಯಿತು, ಎಲ್ಲಿ ನಿಂತಿತು ಎಂಬುದೇ ಗೊತ್ತಿಲ್ಲದೆ ರಿಪೇರಿ ಶುರುವಾಗಿರುತ್ತದೆ.

ಬ್ರೌಸರ್ ಒಂದು ಪುಟ ತರುವಾಗ ಒಂದು ಕ್ರಮದಲ್ಲೇ ನಡೆಯುತ್ತದೆ. ಮೊದಲು ಸೈಟಿನ ಹೆಸರಿಗೆ ವಿಳಾಸ ಕೇಳುತ್ತದೆ. ಆ ವಿಳಾಸದ ಯಂತ್ರಕ್ಕೆ ಕನೆಕ್ಷನ್ ಹಾಕುತ್ತದೆ. ಅದು ನಿಜವಾಗಿ ಆ ಸೈಟೇ ಎಂದು ಸಾರುವ ಸರ್ಟಿಫಿಕೇಟ್ ಸರಿಯಿದೆಯಾ ಎಂದು ನೋಡುತ್ತದೆ. ಆಮೇಲಷ್ಟೇ ರಿಕ್ವೆಸ್ಟ್ ಕಳಿಸುತ್ತದೆ. ಸರ್ವರ್ ಕೊಟ್ಟ ಉತ್ತರವನ್ನು ಕೊನೆಗೆ ಪುಟವಾಗಿ ಕಟ್ಟುತ್ತದೆ. ಹಿಂದಿನ ಹೆಜ್ಜೆ ಮುಗಿಯದೆ ಮುಂದಿನದು ಇಲ್ಲ. ತಪ್ಪು ಹುಡುಕುವಾಗಲೂ ಇದೇ ಕ್ರಮ ಹಿಡಿಯಿರಿ. ಮೊದಲು ಎಲ್ಲಿ ಎಡವಿದೆಯೋ ಅಲ್ಲೇ ನಿಲ್ಲಿ. ಅದರ ಮುಂದಿನದನ್ನು ಮುಟ್ಟಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಬ್ರೌಸರಿನ ಡೆವಲಪರ್ ಟೂಲ್ಸ್. ಎಫ್12 ಒತ್ತಿದರೆ ತೆರೆಯುತ್ತದೆ. ನಮಗೆ ಬೇಕಾದ್ದು ಅದರ ನೆಟ್‌ವರ್ಕ್ ಟ್ಯಾಬ್ ಮತ್ತು ಕನ್ಸೋಲ್. ಪುಟ ಲೋಡ್ ಆದ ಮೇಲೆ ಇದನ್ನು ತೆರೆದರೆ ಪಟ್ಟಿ ಖಾಲಿ ಇರುತ್ತದೆ. ಮೊದಲು ತೆರೆದಿಟ್ಟು, ಆಮೇಲೆ ಪುಟ ರೀಲೋಡ್ ಮಾಡಿ. ಅಲ್ಲಿ 'ಪ್ರಿಸರ್ವ್ ಲಾಗ್' ಮತ್ತು 'ಡಿಸೇಬಲ್ ಕ್ಯಾಶೆ' ಎಂಬ ಎರಡು ಟಿಕ್ ಇವೆ. ಮೊದಲನೆಯದನ್ನು ಹಾಕಿಡಿ. ಎರಡನೆಯದು, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಹಳೇ ಪ್ರತಿ (ಕ್ಯಾಶೆ) ಬಳಸಬೇಡ ಎಂಬುದು, ಆರು ಮತ್ತು ಏಳನೇ ಹಂತಕ್ಕೆ ಬರಲಿ.

ಟರ್ಮಿನಲ್. ಹೆಸರಿಗೆ ವಿಳಾಸ ಕೇಳುವ ಎನ್‌ಎಸ್‌ಲುಕಪ್ (nslookup) ಮತ್ತು ಪುಟ ತರಿಸಿ ನೋಡುವ ಕರ್ಲ್ (curl), ಎರಡೇ ಕಮಾಂಡ್ ಸಾಕು. ಈಗಿನ ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಇವೆರಡೂ ಮೊದಲೇ ಇರುತ್ತವೆ. ವಿಂಡೋಸ್‌ನವರು ಇದನ್ನೆಲ್ಲ ಕಮಾಂಡ್ ಪ್ರಾಂಪ್ಟ್‌ನಲ್ಲೇ ಮಾಡಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್‌ನಲ್ಲಿ ಕರ್ಲ್ ಎಂದು ಟೈಪ್ ಮಾಡಿದರೆ ಅದೇ ಹೆಸರಿಟ್ಟುಕೊಂಡ ಬೇರೊಂದು ಕಮಾಂಡ್ ಓಡುತ್ತದೆ.

ಎರಡನೇ ನೆಟ್‌ವರ್ಕ್. ವೈಫೈ ಆಫ್ ಮಾಡಿದ ಮೊಬೈಲ್ ಸಾಕು. "ನನಗೆ ಮಾತ್ರ ಹೀಗಾಗ್ತಿದೆಯಾ" ಎಂಬ ಪ್ರಶ್ನೆಗೆ ಇದು ಅರ್ಧ ನಿಮಿಷದಲ್ಲಿ ಉತ್ತರ ಕೊಡುತ್ತದೆ.

ಸರ್ವರ್ ನಿಮ್ಮದೇ ಆದರೆ ಅದರ ಲಾಗಿನ್ ಬೇಕು. ಒಂದು ಕಾಗದವೂ ಇರಲಿ. ಏನು ಬದಲಿಸಿದಿರಿ, ಎಷ್ಟು ಗಂಟೆಗೆ ಬದಲಿಸಿದಿರಿ ಎಂದು ಬರೆದಿಡಿ. ಐದು ಬದಲಾವಣೆ ಒಟ್ಟಿಗೆ ಮಾಡಿ ಸೈಟ್ ಸರಿಹೋದರೆ, ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಮುಂದಿನ ಸಲ ಮತ್ತೆ ಐದನ್ನೂ ಮಾಡುತ್ತೀರಿ.

## ಹಂತ 1: ಮಾತಾಡಿದ್ದು ಯಾರು? ಬ್ರೌಸರೋ, ಸರ್ವರೋ?

ಎರರ್ ಪುಟವನ್ನು ಪೂರ್ತಿ ಓದಿ. ದೊಡ್ಡಕ್ಷರದ ಸಾಲಿಗಿಂತ ಅದರ ಕೆಳಗಿನ ಸಣ್ಣಕ್ಷರದ ಕೋಡ್ ಮುಖ್ಯ. ಅದರಲ್ಲಿ 404, 500, 502 ಥರದ ಮೂರಂಕಿ ಇದ್ದರೆ ಆ ಕಡೆಯಿಂದ ಯಾರೋ ಉತ್ತರ ಕೊಟ್ಟಿದ್ದಾರೆ. ಅಂದರೆ ಹೆಸರು, ಕನೆಕ್ಷನ್, ಸರ್ಟಿಫಿಕೇಟ್ ಮೂರೂ ದಾಟಿವೆ. ನೀವು ನೇರವಾಗಿ ಐದನೇ ಹಂತಕ್ಕೆ ಹೋಗಬಹುದು.

ಅಂಕಿ ಇಲ್ಲದೆ 'ಎನ್‌ಎಕ್ಸ್‌ಡೊಮೈನ್', 'ಕನೆಕ್ಷನ್ ರಿಫ್ಯೂಸ್ಡ್', 'ಟೈಮ್ಡ್ ಔಟ್', 'ಸರ್ಟ್' ಎಂಬ ಪದ ಇದ್ದರೆ ಅದು ಬ್ರೌಸರ್ ತಾನೇ ಬರೆದುಕೊಂಡ ಪುಟ. ಸರ್ವರ್‌ನಿಂದ ಉತ್ತರ ಬಂದೇ ಇಲ್ಲ. ಎರಡನೇ ಹಂತದಿಂದ ಶುರು ಮಾಡಿ.

ಇಲ್ಲಿ ಮೋಸಹೋಗುವ ಜಾಗ ಎರಡು. ಸರ್ವರ್ 500 ಎಂದು ಹೇಳಿ ಜೊತೆಗೆ ಏನೂ ಕಳಿಸದಿದ್ದರೆ ಕ್ರೋಮ್ ತನ್ನದೇ ಪುಟ ತೋರಿಸುತ್ತದೆ. ನೋಡಲು ಬ್ರೌಸರ್ ಎರರ್ ಥರವೇ ಇರುತ್ತದೆ. ಹಾಗಾಗಿ ಪುಟದ ರೂಪ ನೋಡಬೇಡಿ, ಅಂಕಿ ಹುಡುಕಿ. ಇನ್ನೊಂದು, ನಿಮ್ಮ ಸರ್ವರ್ ಮುಂದೆ ಸಿಡಿಎನ್ (ಪುಟದ ಪ್ರತಿ ಇಟ್ಟುಕೊಂಡು ಓದುಗರಿಗೆ ಹತ್ತಿರದಿಂದ ಕೊಡುವ ಸೇವೆ) ಅಥವಾ ಪ್ರಾಕ್ಸಿ (ರಿಕ್ವೆಸ್ಟ್ ಪಡೆದು ಹಿಂದಿನ ಸರ್ವರಿಗೆ ದಾಟಿಸುವ ಮಧ್ಯವರ್ತಿ) ಇದ್ದರೆ 502 ಎಂದವರು ಅವರೇ ಇರಬಹುದು. ರಿಕ್ವೆಸ್ಟ್ ಅವರವರೆಗೆ ಬಂದಿದೆ ಎಂದಷ್ಟೇ ಇದರಿಂದ ಗೊತ್ತಾಗುತ್ತದೆ.

## ಹಂತ 2: ಹೆಸರಿಗೆ ಸರಿಯಾದ ವಿಳಾಸ ಸಿಗುತ್ತಿದೆಯಾ?

ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ. ಅದಕ್ಕೆ ಇಲ್ಲಿ ಸ್ವಲ್ಪ ನಿಧಾನಿಸೋಣ.

ಟರ್ಮಿನಲ್‌ನಲ್ಲಿ ಎನ್‌ಎಸ್‌ಲುಕಪ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಸೈಟಿನ ಹೆಸರು ಹಾಕಿ. ಉತ್ತರದ ಮೊದಲ ಎರಡು ಸಾಲು ಯಾವ ಡಿಎನ್‌ಎಸ್ ಸರ್ವರ್, ಅಂದರೆ ಹೆಸರಿಗೆ ವಿಳಾಸ ಹೇಳುವ ಯಂತ್ರ, ಉತ್ತರ ಕೊಟ್ಟಿತು ಎಂಬುದು. ಅದರ ಕೆಳಗಿನದು ನಿಮ್ಮ ಸೈಟಿನ ವಿಳಾಸ. ಮೇಲಿನ ವಿಳಾಸವನ್ನೇ ಸೈಟಿನದು ಎಂದುಕೊಂಡು ತಲೆ ಕೆಡಿಸಿಕೊಳ್ಳುವವರಿದ್ದಾರೆ, ಎಚ್ಚರ.

ಬಂದ ಐಪಿ ವಿಳಾಸ ನಿಮ್ಮ ಸರ್ವರಿನದೇನಾ? ಅಂದಾಜಿನ ಮೇಲೆ ಹೌದು ಎನ್ನಬೇಡಿ. ಹೋಸ್ಟಿಂಗ್ ಪ್ಯಾನೆಲ್ ತೆರೆದು ಅಂಕಿಗೆ ಅಂಕಿ ಹೋಲಿಸಿ.

ವಿಳಾಸ ತಪ್ಪಿದ್ದರೆ ಅಥವಾ ಬರದೇ ಇದ್ದರೆ ಈ ಕಾರಣಗಳನ್ನು ನೋಡಿ.

ರೆಕಾರ್ಡ್ (ಹೆಸರಿಗೆ ವಿಳಾಸ ಬರೆದಿಟ್ಟ ಡಿಎನ್‌ಎಸ್ ನಮೂದು) ಬದಲಿಸಿದ ಜಾಗವೇ ತಪ್ಪು. ಡೊಮೈನ್ ಕೊಂಡದ್ದು ಒಂದು ಕಡೆ. ಅದರ ನೇಮ್‌ಸರ್ವರ್ (ಆ ಡೊಮೈನಿನ ರೆಕಾರ್ಡ್ ಇಟ್ಟುಕೊಂಡಿರುವ ಸರ್ವರ್) ಇರುವುದು ಇನ್ನೊಂದು ಕಡೆ. ನೀವು ಕೊಂಡ ಕಡೆಯ ಪ್ಯಾನೆಲ್‌ನಲ್ಲಿ ಎಷ್ಟೇ ತಿದ್ದಿದರೂ ಅದನ್ನು ಯಾರೂ ಓದುವುದಿಲ್ಲ. ಎನ್‌ಎಸ್ ರೆಕಾರ್ಡ್, ಅಂದರೆ ನೇಮ್‌ಸರ್ವರ್ ಯಾವುದು ಎಂಬ ನಮೂದು, ಯಾವ ಕಡೆಗೆ ತೋರಿಸುತ್ತದೆಯೋ ಅಲ್ಲಿ ತಿದ್ದಬೇಕು.

ಟಿಟಿಎಲ್ ಇನ್ನೂ ಮುಗಿದಿಲ್ಲ. ಪ್ರತಿ ರೆಕಾರ್ಡಿಗೂ ಸೆಕೆಂಡಿನ ಲೆಕ್ಕದಲ್ಲಿ ಒಂದು ಅವಧಿ ಇರುತ್ತದೆ. 86400 ಎಂದಿದ್ದರೆ ಹಳೇ ಉತ್ತರ ಒಂದು ದಿನ ಎಲ್ಲೆಲ್ಲೋ ಉಳಿದಿರಬಹುದು. ಸೈಟ್ ಸ್ಥಳಾಂತರಿಸುವವರು ಒಂದೆರಡು ದಿನ ಮುಂಚೆಯೇ ಇದನ್ನು 300ಕ್ಕೆ ಇಳಿಸಬೇಕು. ಬದಲಿಸಿದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ. ಹಳೇ ಉತ್ತರ ಇಟ್ಟುಕೊಂಡವರ ಬಳಿ ಹಳೇ ಅವಧಿಯೇ ಓಡುತ್ತಿರುತ್ತದೆ.

ಇಲ್ಲ ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ. ಹೊಸ ಸಬ್‌ಡೊಮೈನ್ ಸೇರಿಸುವ ಮೊದಲೇ ಆಸೆಯಿಂದ ಬ್ರೌಸರ್‌ನಲ್ಲಿ ಹಾಕಿ ನೋಡುತ್ತೀರಿ. ಇಲ್ಲ ಎಂಬ ಉತ್ತರ ಬರುತ್ತದೆ. ಆಮೇಲೆ ರೆಕಾರ್ಡ್ ಸೇರಿಸಿದರೂ ಸ್ವಲ್ಪ ಹೊತ್ತು ನಿಮಗೆ ಇಲ್ಲ ಎಂದೇ ಬರುತ್ತದೆ. ಮೊದಲು ಸೇರಿಸಿ, ಆಮೇಲೆ ನೋಡಿ.

ಕೆಲವರಿಗೆ ತೆರೆಯುತ್ತದೆ, ಕೆಲವರಿಗಿಲ್ಲ. ಈ ಲಕ್ಷಣ ಕಂಡರೆ ಐಪಿವಿ6ರ, ಅಂದರೆ ಹೊಸ ಬಗೆಯ ಉದ್ದ ಐಪಿ ವಿಳಾಸದ, ರೆಕಾರ್ಡ್ ನೋಡಿ. ಸರ್ವರ್ ಬದಲಿಸುವಾಗ ಮಾಮೂಲಿ ಐಪಿ ವಿಳಾಸದ ಎ ರೆಕಾರ್ಡ್ ತಿದ್ದುತ್ತಾರೆ, ನಾಲ್ಕು ಎ ಇರುವ ರೆಕಾರ್ಡನ್ನು ಮರೆಯುತ್ತಾರೆ. ಐಪಿವಿ6 ಇರುವ ನೆಟ್‌ವರ್ಕಿನವರು ಇನ್ನೂ ಹಳೇ ಯಂತ್ರಕ್ಕೇ ಹೋಗುತ್ತಿರುತ್ತಾರೆ.

ನಾನು ಇದೇ ಹಂತದಲ್ಲಿ ಒಂದು ಇಡೀ ಸಂಜೆ ಕಳೆದದ್ದುಂಟು. ಎನ್‌ಎಸ್‌ಲುಕಪ್ ಹೊಸ ವಿಳಾಸವನ್ನೇ ಕೊಡುತ್ತಿತ್ತು. ಮೊಬೈಲ್‌ನಲ್ಲಿ ಹೊಸ ಪುಟವೇ ಬರುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಹಳೇ ಸೈಟ್. ಮೂರು ಬ್ರೌಸರ್ ಬದಲಿಸಿದೆ. ಕೊನೆಗೆ ನೋಡಿದರೆ ಕೆಲವು ತಿಂಗಳ ಹಿಂದೆ ಪರೀಕ್ಷೆಗೆಂದು ಹೋಸ್ಟ್ಸ್ ಫೈಲ್‌ನಲ್ಲಿ (ಕಂಪ್ಯೂಟರ್ ತನ್ನಲ್ಲೇ ಇಟ್ಟುಕೊಳ್ಳುವ ಹೆಸರು-ವಿಳಾಸದ ಪಟ್ಟಿ) ನಾನೇ ಬರೆದಿದ್ದ ಒಂದು ಸಾಲು ಹಾಗೇ ಇತ್ತು! ಹೋಸ್ಟ್ಸ್ ಫೈಲ್‌ನಲ್ಲಿ ಹೆಸರಿದ್ದರೆ ಬ್ರೌಸರ್ ಡಿಎನ್‌ಎಸ್ ಕೇಳುವುದೇ ಇಲ್ಲ. ಎನ್‌ಎಸ್‌ಲುಕಪ್ ಆ ಫೈಲ್ ಓದುವುದಿಲ್ಲ, ನೇರ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಹಾಗಾಗಿ ಎರಡೂ ಬೇರೆ ಬೇರೆ ಕಥೆ ಹೇಳುತ್ತಿದ್ದವು.

ಅಂದಿನಿಂದ ನಾನು ಬಿಡದೆ ನೋಡುವ ಜಾಗ ಒಂದಿದೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಮೊದಲ ಸಾಲು ಒತ್ತಿ, ಹೆಡರ್ಸ್ (ರಿಕ್ವೆಸ್ಟ್, ಉತ್ತರಗಳ ಜೊತೆ ಹೋಗುವ ಮಾಹಿತಿಯ ಸಾಲುಗಳು) ತೆರೆಯಿರಿ. ಅಲ್ಲಿ 'ರಿಮೋಟ್ ಅಡ್ರೆಸ್' ಎಂದಿರುತ್ತದೆ. ಬ್ರೌಸರ್ ನಿಜವಾಗಿ ಯಾವ ಐಪಿಗೆ ಹೋಯಿತು ಎಂಬುದು ಅದು. ಎನ್‌ಎಸ್‌ಲುಕಪ್ ಕೊಟ್ಟದ್ದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಹೋಸ್ಟ್ಸ್ ಫೈಲ್, ವಿಪಿಎನ್, ಪ್ರಾಕ್ಸಿ, ಈ ಮೂರನ್ನು ನೋಡಿ.

## ಹಂತ 3: ಪೋರ್ಟ್ ತೆರೆದಿದೆಯಾ?

ವಿಳಾಸ ಸರಿಯಿದೆ ಎಂದಾದರೆ ಬ್ರೌಸರ್ ಆ ಯಂತ್ರದ 443ನೇ ಪೋರ್ಟ್ (ಕನೆಕ್ಷನ್ ಒಳಬರುವ, ಅಂಕಿಯಿಟ್ಟ ಬಾಗಿಲು) ತಟ್ಟುತ್ತದೆ. ಹಳೇ ಎಚ್‌ಟಿಟಿಪಿ ಆದರೆ 80. ಇಲ್ಲಿ ಎರಡು ಬಗೆಯ ಸೋಲು ಇದೆ. ಇವೆರಡರ ಅರ್ಥ ಬೇರೆ ಬೇರೆ.

ತಟ್ಟಿದ ತಕ್ಷಣ 'ರಿಫ್ಯೂಸ್ಡ್' ಎಂದು ಬಂದರೆ ಸಾಮಾನ್ಯವಾಗಿ ಯಂತ್ರ ಬದುಕಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದರ್ಥ. ವೆಬ್ ಸರ್ವರ್ ಪ್ರೋಗ್ರಾಂ ನಿಂತಿದೆ ಅಥವಾ ಬೇರೆ ಪೋರ್ಟ್‌ನಲ್ಲಿ ಕೂತಿದೆ. ತುಂಬಾ ಹೊತ್ತು ಸುತ್ತಿ 'ಟೈಮ್ಡ್ ಔಟ್' ಎಂದು ಬಂದರೆ ತಟ್ಟಿದ್ದಕ್ಕೆ ಹೂಂ, ಊಹೂಂ ಎರಡೂ ಇಲ್ಲ. ಬಹುತೇಕ ಫೈರ್‌ವಾಲ್ (ಬೇಡದ ಕನೆಕ್ಷನ್ ತಡೆಯುವ ಕಾವಲು) ಮಧ್ಯದಲ್ಲೇ ನುಂಗಿದೆ. ಇಲ್ಲವೇ ಯಂತ್ರವೇ ಆಫ್ ಆಗಿದೆ.

ಯಂತ್ರ ಬದುಕಿದೆಯಾ ಎಂದು ಕೇಳುವ ಪಿಂಗ್ ಕಮಾಂಡ್ ನೋಡಿ ತೀರ್ಮಾನಕ್ಕೆ ಬರಬೇಡಿ. ಎಷ್ಟೋ ಸರ್ವರ್‌ಗಳು ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ, ಆದರೆ ಸೈಟ್ ಚೆನ್ನಾಗಿ ಓಡುತ್ತಿರುತ್ತದೆ. ಪಿಂಗ್ ಬಂದರೂ 443 ಮುಚ್ಚಿರಬಹುದು.

ಸರ್ವರ್ ನಿಮ್ಮದಾದರೆ ಒಳಗೆ ಲಾಗಿನ್ ಆಗಿ ಅಲ್ಲಿಂದಲೇ ಕರ್ಲ್ ಮೂಲಕ ಲೋಕಲ್‌ಹೋಸ್ಟ್ (ಯಂತ್ರ ತನಗೆ ತಾನೇ ಇಟ್ಟುಕೊಂಡ ಹೆಸರು) ಕೇಳಿ. ಒಳಗಿಂದ ಬರುತ್ತದೆ, ಹೊರಗಿಂದ ಬರುವುದಿಲ್ಲ ಎಂದಾದರೆ ಎರಡು ಅನುಮಾನ ಉಳಿಯುತ್ತವೆ. ಒಂದು, ಫೈರ್‌ವಾಲ್. ಕ್ಲೌಡ್ ಸರ್ವರ್ ಆದರೆ ಸಾಮಾನ್ಯವಾಗಿ ಅದು ಎರಡು ಕಡೆ ಇರುತ್ತದೆ: ಲಿನಕ್ಸ್ ಒಳಗೊಂದು, ಕ್ಲೌಡ್ ಪ್ಯಾನೆಲ್‌ನಲ್ಲೊಂದು. ಒಂದನ್ನು ತೆರೆದು ಇನ್ನೊಂದನ್ನು ಮರೆಯುವುದು ಮಾಮೂಲಿ. ಇನ್ನೊಂದು, ಪ್ರೋಗ್ರಾಂ 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿರಬಹುದು. ಆ ವಿಳಾಸಕ್ಕೆ ಅದೇ ಯಂತ್ರದ ಒಳಗಿನವರು ಮಾತ್ರ ಬರಬಲ್ಲರು. ಮುಂದೆ ಎಂಜಿನ್‌ಎಕ್ಸ್ (ಒಂದು ವೆಬ್ ಸರ್ವರ್ ಪ್ರೋಗ್ರಾಂ) ಥರದ ಪ್ರಾಕ್ಸಿ ಇದ್ದರೆ ಅದೇ ಸರಿ. ಇಲ್ಲದಿದ್ದರೆ 0.0.0.0, ಅಂದರೆ ಯಂತ್ರದ ಎಲ್ಲ ವಿಳಾಸಗಳಲ್ಲೂ ಕೇಳಿಸಿಕೊಳ್ಳುವುದು, ಬೇಕು.

## ಹಂತ 4: ಸರ್ಟಿಫಿಕೇಟ್

ಕನೆಕ್ಷನ್ ಸಿಕ್ಕಿದ ಮೇಲೆ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಬ್ರೌಸರ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ: ಅವಧಿ, ಹೆಸರು, ಸಹಿಯ ಸರಪಳಿ.

ಅವಧಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವ ಮಾಮೂಲಿ ಸರ್ಟಿಫಿಕೇಟಿಗೆ 90 ದಿನದ ಆಯಸ್ಸು. ತಾನಾಗಿ ರಿನ್ಯೂ ಆಗುತ್ತದೆ ಎಂದು ನಂಬಿ ಮರೆತಿರುತ್ತೇವೆ. ಯಾರೋ ಭದ್ರತೆಗೆಂದು 80ನೇ ಪೋರ್ಟ್ ಮುಚ್ಚಿರುತ್ತಾರೆ. ಎಚ್‌ಟಿಟಿಪಿ ವಿಧಾನದಲ್ಲಿ ರಿನ್ಯೂ ಮಾಡುವವರಿಗೆ ಆ ಪೋರ್ಟ್ ಬೇಕೇ ಬೇಕು. ಇನ್ನೊಂದು ಸಂದರ್ಭವೂ ಇದೆ. ಹೊಸ ಫೈಲ್ ಬಂದು ಕೂತಿರುತ್ತದೆ, ಆದರೆ ವೆಬ್ ಸರ್ವರ್ ರೀಲೋಡ್ ಆಗಿರುವುದಿಲ್ಲ. ಶುರುವಾದಾಗ ಓದಿದ ಹಳೇ ಸರ್ಟಿಫಿಕೇಟನ್ನೇ ಅದು ತೋರಿಸುತ್ತಿರುತ್ತದೆ. ಫೈಲ್ ನೋಡಿದರೆ ಹೊಸದು, ಬ್ರೌಸರ್‌ನಲ್ಲಿ ಹಳೆಯದು. ರೀಲೋಡ್ ಮಾಡಿದರೆ ಮುಗಿಯಿತು. ಒಬ್ಬರಿಗೆ ಮಾತ್ರ ಈ ಎರರ್ ಬಂದರೆ ಅವರ ಕಂಪ್ಯೂಟರಿನ ತಾರೀಕು ಸರಿಯಿದೆಯಾ ಎಂದು ಮೊದಲು ಕೇಳಿ.

ಹೆಸರು. ಮುಂದೆ ಮೂರು ಡಬ್ಲ್ಯೂ ಇರುವ ಹೆಸರು ಬೇರೆ, ಇಲ್ಲದ ಹೆಸರು ಬೇರೆ. ಸರ್ಟಿಫಿಕೇಟ್‌ನಲ್ಲಿ ಎರಡೂ ಇರಬೇಕು. ನಕ್ಷತ್ರ ಹಾಕಿದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಒಂದೇ ಮಟ್ಟದ ಸಬ್‌ಡೊಮೈನ್‌ಗೆ ಸಲ್ಲುತ್ತದೆ. ಬರೀ ಡೊಮೈನ್‌ಗೆ ಸಲ್ಲುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಬೇಕು.

ಸರಪಳಿ. "ಕಂಪ್ಯೂಟರಿನಲ್ಲಿ ಸರಿಯಾಗಿ ಬರುತ್ತೆ, ಆಪ್‌ನಲ್ಲಿ ಬರಲ್ಲ" ಎಂದರೆ ಮೊದಲ ಅನುಮಾನ ಇದರ ಮೇಲೆ. ನಿಮ್ಮ ಸರ್ಟಿಫಿಕೇಟಿಗೆ ಸಹಿ ಹಾಕಿದ ಮಧ್ಯದ ಸರ್ಟಿಫಿಕೇಟನ್ನೂ ಸರ್ವರ್ ಕಳಿಸಬೇಕು. ಅದು ಬಿಟ್ಟುಹೋದರೆ ಡೆಸ್ಕ್‌ಟಾಪ್ ಬ್ರೌಸರ್‌ಗಳು ಎಷ್ಟೋ ಸಲ ಅದನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಕರ್ಲ್, ಮೊಬೈಲ್ ಆಪ್‌ಗಳು ಸಾಮಾನ್ಯವಾಗಿ ಆ ಉಪಕಾರ ಮಾಡುವುದಿಲ್ಲ. ಸರ್ವರ್ ಸೆಟ್ಟಿಂಗ್‌ನಲ್ಲಿ ಬರೀ ಸರ್ಟ್ ಫೈಲ್ ಬದಲು 'ಫುಲ್‌ಚೈನ್' ಫೈಲ್ ಕೊಡಿ.

ಎಚ್ಚರಿಕೆ ಪುಟದಲ್ಲಿ 'ಆದರೂ ಮುಂದುವರಿಸು' ಒತ್ತಿ ಸೈಟ್ ಬಂತು ಎಂದು ಕೆಲಸ ಮುಗಿಸಬೇಡಿ. ಆಪ್ ಕೋಡ್‌ನಲ್ಲಿ ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡುವುದಂತೂ ಖಂಡಿತ ಬೇಡ. ಅದು ತಾತ್ಕಾಲಿಕ ಎಂದು ಹಾಕಿದ್ದು ವರ್ಷಗಟ್ಟಲೆ ಉಳಿದುಬಿಡುತ್ತದೆ.

## ಹಂತ 5: ರಿಕ್ವೆಸ್ಟ್ ಸರಿಯಾದ ಸೈಟಿಗೆ ತಲುಪಿತಾ?

ಈಗ ಬ್ರೌಸರ್ ಏನು ಕಳಿಸುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಿ. ಕರ್ಲ್ ಜೊತೆ ಹೈಫನ್ ಹಾಕಿ ಸಣ್ಣಕ್ಷರದ 'ವಿ' ಸೇರಿಸಿ, ಸೈಟಿನ ಪೂರ್ತಿ ವಿಳಾಸ ಕೊಡಿ. ಬರುವ ಸಾಲುಗಳಲ್ಲಿ ನಕ್ಷತ್ರದಿಂದ ಶುರುವಾಗುವವು ಕನೆಕ್ಷನ್ ಕಥೆ. ಬಲಕ್ಕೆ ತಿರುಗಿದ ಬಾಣದ ಸಾಲು ನೀವು ಕಳಿಸಿದ್ದು. ಎಡಕ್ಕೆ ತಿರುಗಿದ್ದು ಸರ್ವರ್ ಹೇಳಿದ್ದು. ಕಳಿಸಿದ್ದರಲ್ಲಿ ಮೊದಲು 'ಗೆಟ್', ಅದರ ಪಕ್ಕ ಯಾವ ಪುಟ ಬೇಕು ಎಂಬ ದಾರಿ. ಕೆಳಗೆ 'ಹೋಸ್ಟ್' ಎಂದು ಸೈಟಿನ ಹೆಸರು. ಮುಖ್ಯವಾದ್ದು ಇಷ್ಟೇ.

ಒಂದೇ ಐಪಿಯಲ್ಲಿ ಹತ್ತಾರು ಸೈಟ್ ಇರಬಹುದು. ಯಾರ ಪುಟ ಕೊಡಬೇಕು ಎಂದು ಸರ್ವರ್ ತೀರ್ಮಾನಿಸುವುದು ಆ ಹೋಸ್ಟ್ ಸಾಲು ನೋಡಿ. ಹೆಸರು ಯಾವ ಸೈಟಿನ ಸೆಟ್ಟಿಂಗಿಗೂ ಹೊಂದದಿದ್ದರೆ ಎಂಜಿನ್‌ಎಕ್ಸ್ ಡಿಫಾಲ್ಟ್ ಎಂದು ಗುರುತು ಮಾಡಿದ ಸೈಟ್ ಕೊಡುತ್ತದೆ. ಗುರುತು ಇಲ್ಲದಿದ್ದರೆ ಪಟ್ಟಿಯ ಮೊದಲ ಸೈಟ್. ನಿಮ್ಮ ಹೆಸರು ಹಾಕಿದರೆ ಬೇರೆಯವರ ಸೈಟ್ ಬಂತು, ಅಥವಾ ಸ್ವಾಗತ ಪುಟ ಬಂತು ಎಂದರೆ ಹ್ಯಾಕ್ ಆಗಿದೆ ಎಂದು ಗಾಬರಿಯಾಗುವ ಮೊದಲು ಸೆಟ್ಟಿಂಗ್‌ನಲ್ಲಿ ಹೆಸರು ಸರಿ ಬರೆದಿದೆಯಾ ನೋಡಿ.

ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ಹೋಗು ಎಂಬ ಉತ್ತರ) ಸುಳಿ. 'ಟೂ ಮೆನಿ ರೀಡೈರೆಕ್ಟ್ಸ್' ಬಂದರೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ 301, 302ರ ಸಾಲು ಉದ್ದಕ್ಕೆ ಕಾಣುತ್ತದೆ. ಪ್ರತಿಯೊಂದರ 'ಲೊಕೇಶನ್' ಹೆಡರ್ ಓದಿ. ಸಾಮಾನ್ಯ ಕಥೆ ಇದು: ಮುಂದಿನ ಪ್ರಾಕ್ಸಿ ಎಚ್‌ಟಿಟಿಪಿಎಸ್‌ನಲ್ಲಿ ಬಂದ ರಿಕ್ವೆಸ್ಟನ್ನು ಹಿಂದಿನ ಸರ್ವರಿಗೆ ಬರೀ ಎಚ್‌ಟಿಟಿಪಿಯಲ್ಲಿ ಕೊಡುತ್ತದೆ. ಹಿಂದಿನದು "ಎಚ್‌ಟಿಟಿಪಿಎಸ್‌ನಲ್ಲಿ ಬಾ" ಎಂದು ವಾಪಸ್ ಕಳಿಸುತ್ತದೆ. ಬ್ರೌಸರ್ ಮತ್ತೆ ಬರುತ್ತದೆ, ಪ್ರಾಕ್ಸಿ ಮತ್ತೆ ಹಾಗೇ ಕೊಡುತ್ತದೆ. ಮೂಲದಲ್ಲಿ ಯಾವ ಪ್ರೋಟೋಕಾಲ್ ಇತ್ತು ಎಂಬುದನ್ನು ಪ್ರಾಕ್ಸಿ ಹೆಡರ್‌ನಲ್ಲಿ ಹೇಳಬೇಕು, ಹಿಂದಿನ ಸರ್ವರ್ ಅದನ್ನು ನಂಬಬೇಕು. ಆಗ ಸುಳಿ ಬಿಡುತ್ತದೆ.

301 ಬಳಸುವಾಗ ಕೈ ಬಿಗಿಹಿಡಿಯಿರಿ. ಇದು ಶಾಶ್ವತ ಎಂದು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ಸರ್ವರ್‌ನಲ್ಲಿ ತಿದ್ದಿದ ಮೇಲೂ ಬ್ರೌಸರ್ ಸರ್ವರನ್ನು ಕೇಳದೆ ಹಳೇ ದಾರಿಯಲ್ಲೇ ಹೋಗುತ್ತದೆ. ಪರೀಕ್ಷೆ ಮಾಡುವಾಗ ತಾತ್ಕಾಲಿಕ ಎಂದು ಹೇಳುವ 302 ಹಾಕಿ, ಎಲ್ಲ ಸರಿಯಾದ ಮೇಲೆ 301 ಮಾಡಿ.

## ಹಂತ 6: ಸರ್ವರ್ ಕೊಟ್ಟ ಅಂಕಿ ಮತ್ತು ಲಾಗ್

ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಸರ್ವರಿನ ಆಕ್ಸೆಸ್ ಲಾಗ್ (ಬಂದ ಪ್ರತಿ ರಿಕ್ವೆಸ್ಟಿನ ದಾಖಲೆ) ಹರಿಯುತ್ತಿರಲಿ. ಲಿನಕ್ಸ್‌ನಲ್ಲಿ ಟೇಲ್ (tail) ಕಮಾಂಡಿಗೆ ಹೈಫನ್, ಎಫ್ ಸೇರಿಸಿದರೆ ಹೊಸ ಸಾಲು ಬಂದಂತೆ ತೋರಿಸುತ್ತಿರುತ್ತದೆ. ಇನ್ನೊಂದರಲ್ಲಿ ಬ್ರೌಸರ್. 'ಡಿಸೇಬಲ್ ಕ್ಯಾಶೆ' ಹಾಕಿ ಪುಟ ರೀಲೋಡ್ ಮಾಡಿ, ಲಾಗ್ ಕಡೆ ನೋಡಿ.

ಹೊಸ ಸಾಲು ಬರಲೇ ಇಲ್ಲವೇ? ಹಾಗಾದರೆ ರಿಕ್ವೆಸ್ಟ್ ಈ ಸರ್ವರಿಗೆ ಬಂದೇ ಇಲ್ಲ. ಇಲ್ಲಿ ಕೋಡ್ ತಿದ್ದುತ್ತಾ ಕೂರಬೇಡಿ. ಮುಂದೆ ಸಿಡಿಎನ್ ಇದ್ದರೆ ಅದೇ ಉತ್ತರ ಕೊಟ್ಟು ಕಳಿಸಿರಬಹುದು. ಇಲ್ಲದಿದ್ದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ.

ಸಾಲು ಬಂದರೆ ಅದರಲ್ಲಿ ಕೇಳಿದವರ ಐಪಿ, ಸಮಯ, ದಾರಿ, ಮೂರಂಕಿ, ಎಷ್ಟು ಬೈಟ್ ಹೋಯಿತು ಎಂಬ ಲೆಕ್ಕ ಇರುತ್ತದೆ. ಮೂರಂಕಿ ಹೀಗೆ ಓದಿ.

403. ಫೈಲ್ ಇದೆ, ಓದುವ ಅನುಮತಿ ಇಲ್ಲ. ಫೈಲಿನ ಅನುಮತಿ ಸರಿಮಾಡಿದರೂ ಹೋಗದಿದ್ದರೆ ಅದರ ಮೇಲಿನ ಪ್ರತಿ ಫೋಲ್ಡರ್ ನೋಡಿ. ಒಂದು ಫೋಲ್ಡರ್ ದಾಟಲು ಬಿಡದಿದ್ದರೂ ಸಾಕು, ಒಳಗಿನದು ಸಿಗುವುದಿಲ್ಲ. ಫೋಲ್ಡರಿನಲ್ಲಿ ಇಂಡೆಕ್ಸ್ ಫೈಲ್ (ಆ ಫೋಲ್ಡರಿನ ಮುಖಪುಟ) ಇಲ್ಲದಿದ್ದರೂ 403 ಬರಬಹುದು.

404. ಮೊದಲು ಅಕ್ಷರ ನೋಡಿ. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದ ಸಾಮಾನ್ಯವಾಗಿ ಇಲ್ಲ, ಲಿನಕ್ಸ್‌ನಲ್ಲಿ ಇದೆ. ನಿಮ್ಮ ಕಂಪ್ಯೂಟರಿನಲ್ಲಿ ಕಂಡ ಚಿತ್ರ ಸರ್ವರಿಗೆ ಹಾಕಿದ ಮೇಲೆ ಮಾಯವಾದರೆ ಇದೇ ಕಾರಣ ಇರಬಹುದು. ಮುಖಪುಟದಿಂದ ಒತ್ತಿಕೊಂಡು ಹೋದರೆ ತೆರೆಯುವ ಪುಟ ರೀಲೋಡ್ ಮಾಡಿದಾಗ 404 ಆದರೆ, ಅದು ಜಾವಾಸ್ಕ್ರಿಪ್ಟ್ ನಡೆಸುವ ಸೈಟ್. ಆ ದಾರಿಯಲ್ಲಿ ನಿಜವಾದ ಫೈಲ್ ಇಲ್ಲ. ಗೊತ್ತಿಲ್ಲದ ದಾರಿಗೆಲ್ಲ ಇಂಡೆಕ್ಸ್ ಫೈಲನ್ನೇ ಕೊಡುವಂತೆ ಸರ್ವರಿಗೆ ಹೇಳಬೇಕು.

413. ಅಪ್‌ಲೋಡ್ ದೊಡ್ಡದಾಯಿತು. ಎಂಜಿನ್‌ಎಕ್ಸ್ ತಾನಾಗಿ ಬಿಡುವುದು 1 ಎಂಬಿ ಮಾತ್ರ.

500. ಸೈಟ್ ನಡೆಸುವ ಪ್ರೋಗ್ರಾಂ (ಆಪ್) ಒಳಗೆ ಏನೋ ಮುರಿದಿದೆ. ಬ್ರೌಸರ್ ಕಡೆ ಹುಡುಕಿದರೆ ಏನೂ ಸಿಗದು. ಎರರ್ ಲಾಗ್ ಓದಿ. ಕೋಡ್ ಏನೂ ಬದಲಿಸದೆ ದಿಢೀರ್ ಎಂದು ಶುರುವಾದರೆ ಡಿಸ್ಕ್ ತುಂಬಿದೆಯಾ ನೋಡಿ. ತುಂಬಿದ್ದರೆ ಲಾಗ್ ಬರೆಯಲೂ ಜಾಗ ಇರುವುದಿಲ್ಲ, ಹಾಗಾಗಿ ಲಾಗ್ ಸುಮ್ಮನಿರುತ್ತದೆ.

502. ಮುಂದಿನ ಸರ್ವರ್ ಚೆನ್ನಾಗಿದೆ, ಹಿಂದಿನ ಆಪ್‌ನಿಂದ ಸರಿಯಾದ ಉತ್ತರ ಬರಲಿಲ್ಲ. ಆಪ್ ಓಡುತ್ತಿದೆಯಾ, ಹೇಳಿದ ಪೋರ್ಟ್‌ನಲ್ಲೇ ಇದೆಯಾ ನೋಡಿ. ಎಂಜಿನ್‌ಎಕ್ಸ್ ರೀಸ್ಟಾರ್ಟ್ ಮಾಡುವುದು ಸುಮ್ನೆ ಕಾಲಹರಣ.

503. ಈಗ ಕೆಲಸ ಮಾಡಲಾರೆ ಎಂದು ಸರ್ವರ್ ತಾನೇ ಹೇಳುತ್ತಿದೆ. ಮೇಂಟೆನೆನ್ಸ್ ಮೋಡ್ ಆನ್ ಮಾಡಿ ಮರೆತಿದ್ದೀರಾ ನೋಡಿ. ಇಲ್ಲದಿದ್ದರೆ ಲೋಡ್ ಜಾಸ್ತಿಯಾಗಿದೆ.

504. ಆಪ್ ಇದೆ, ಆದರೆ ತುಂಬಾ ತಡ ಮಾಡಿತು. ಸರಿಯಾಗಿ 60 ಸೆಕೆಂಡಿಗೆ ಬೀಳುತ್ತಿದ್ದರೆ ಅದು ಎಂಜಿನ್‌ಎಕ್ಸ್ ಕಾಯುವ ಮಿತಿ. ಆ ಮಿತಿಯನ್ನು 300 ಮಾಡಿದರೆ ಎರರ್ ಹೋಗಬಹುದು, ನಿಧಾನ ಹೋಗುವುದಿಲ್ಲ. ಯಾವ ಡೇಟಾಬೇಸ್ ಕ್ವೆರಿ ಅಷ್ಟು ಹೊತ್ತು ತಿನ್ನುತ್ತಿದೆ ಎಂದು ಹುಡುಕಿ.

## ಹಂತ 7: ತಿದ್ದಿದರೂ ಹಳೇ ಪುಟವೇ ಬರುತ್ತಿದೆ

ಎಲ್ಲರೂ ಮೊದಲು ಬರುವ ಜಾಗ ಇದು. ನಿಜವಾಗಿ ಬರಬೇಕಾದ್ದು ಈಗ.

ಮೊದಲು ಕರ್ಲ್ ಮೂಲಕ ಅದೇ ಫೈಲ್ ಕೇಳಿ. ಕರ್ಲ್ ತನ್ನಲ್ಲಿ ಏನನ್ನೂ ಉಳಿಸಿಟ್ಟುಕೊಳ್ಳುವುದಿಲ್ಲ. ಅಲ್ಲಿ ಹೊಸದು ಬಂದರೆ ತಪ್ಪು ಬ್ರೌಸರಿನ ಕ್ಯಾಶೆಯಲ್ಲಿದೆ. ಹಳೆಯದೇ ಬಂದರೆ ಸರ್ವರ್ ಅಥವಾ ಸಿಡಿಎನ್‌ನಲ್ಲಿದೆ. ಉತ್ತರದಲ್ಲಿ 'ಏಜ್' ಎಂಬ ಹೆಡರ್ ಇದ್ದರೆ, ಮಧ್ಯದ ಕ್ಯಾಶೆಯಲ್ಲಿ ಆ ಪ್ರತಿ ಎಷ್ಟು ಸೆಕೆಂಡಿನಿಂದ ಕೂತಿದೆ ಎಂಬುದು ಅದು. ಹಾಗಿದ್ದರೆ ಸಿಡಿಎನ್‌ನಲ್ಲಿ ಪರ್ಜ್ ಮಾಡಿ, ಅಂದರೆ ಉಳಿಸಿದ ಪ್ರತಿ ಅಳಿಸಿ.

ಬ್ರೌಸರ್ ಕಡೆ ಎಂದಾದರೆ 'ಡಿಸೇಬಲ್ ಕ್ಯಾಶೆ' ಟಿಕ್ ಹಾಕಿ ರೀಲೋಡ್ ಮಾಡಿ. ಡೆವಲಪರ್ ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ. ಆಗಲೂ ಹಳೆಯದೇ ಬಂದರೆ ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಸರ್ವಿಸ್ ವರ್ಕರ್ (ಪುಟದ ಹಿಂದೆ ಓಡುತ್ತಾ ಉಳಿಸಿದ ಪ್ರತಿ ಕೊಡಬಲ್ಲ ಸ್ಕ್ರಿಪ್ಟ್) ಇದೆಯಾ ನೋಡಿ, ಇದ್ದರೆ ಅನ್‌ರಿಜಿಸ್ಟರ್ ಮಾಡಿ.

ನಿಮ್ಮ ಬ್ರೌಸರ್‌ನಲ್ಲಿ ಸರಿಹೋಯಿತು. ಓದುಗರ ಬ್ರೌಸರ್‌ನಲ್ಲಿ? ಅವರಿಗೆಲ್ಲ ಕ್ಯಾಶೆ ಅಳಿಸಿ ಎಂದು ಹೇಳುತ್ತಾ ಕೂರಲು ಆಗುತ್ತದಾ? ಇದನ್ನು ಸರ್ವರ್ ಕಳಿಸುವ 'ಕ್ಯಾಶೆ-ಕಂಟ್ರೋಲ್' ಹೆಡರ್‌ನಲ್ಲೇ ಸರಿಮಾಡಬೇಕು. 'ನೋ-ಕ್ಯಾಶೆ' ಎಂದರೆ ಉಳಿಸಬೇಡ ಎಂದಲ್ಲ. ಉಳಿಸಿಕೋ, ಆದರೆ ಬಳಸುವ ಮೊದಲು ಪ್ರತಿ ಸಲ ಸರ್ವರನ್ನು ಕೇಳು ಎಂದು. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂದಷ್ಟೇ ಹೇಳುತ್ತದೆ, ಫೈಲ್ ಮತ್ತೆ ಕಳಿಸುವುದಿಲ್ಲ. ಉಳಿಸಲೇ ಬಾರದು ಎಂದಾದರೆ 'ನೋ-ಸ್ಟೋರ್'.

ನನಗೆ ಒಗ್ಗಿದ ಪದ್ಧತಿ ಹೀಗಿದೆ. ಎಚ್‌ಟಿಎಂಎಲ್ ಪುಟಕ್ಕೆ ನೋ-ಕ್ಯಾಶೆ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲ್‌ಗಳ ಹೆಸರಲ್ಲೇ ಒಂದು ಗುರುತು ಸೇರಿಸಿ, 31536000 ಸೆಕೆಂಡ್ ಅಂದರೆ ಒಂದು ವರ್ಷದ ಅವಧಿ. ಫೈಲ್ ಬದಲಾದರೆ ಹೆಸರೂ ಬದಲಾಗುತ್ತದೆ, ಬ್ರೌಸರ್ ತಾನಾಗಿ ಹೊಸದನ್ನು ತರುತ್ತದೆ. ಏನೂ ಹೇಳದೆ ಬಿಟ್ಟರೆ ಕ್ಯಾಶೆ ಆಗುವುದಿಲ್ಲ ಎಂದುಕೊಳ್ಳಬೇಡಿ. ಫೈಲ್ ಕೊನೆಯ ಸಲ ಎಂದು ಬದಲಾಯಿತು ಎಂಬುದನ್ನು ನೋಡಿ ಬ್ರೌಸರ್ ತಾನೇ ಒಂದು ಅವಧಿ ಊಹಿಸಿಕೊಳ್ಳುತ್ತದೆ.

## ಹಂತ 8: 200 ಬಂತು, ಪುಟ ಮಾತ್ರ ಕೆಟ್ಟಿದೆ

200 ಎಂದರೆ ಸರ್ವರ್ ಸರಿಯಾಗಿ ಉತ್ತರ ಕೊಟ್ಟಿದೆ ಎಂದು. ಇನ್ನು ಸರ್ವರ್ ಲಾಗ್ ಬಿಡಿ, ಕನ್ಸೋಲ್ ಓದಿ. ಕೆಂಪು ಸಾಲುಗಳಲ್ಲಿ ಮೇಲಿನದರಿಂದ ಶುರು ಮಾಡಿ. ಕೆಳಗಿನವು ಬಹುಪಾಲು ಅದರ ಮಕ್ಕಳು.

ಪುಟ ಬೋಳಾಗಿದೆ, ಬಣ್ಣ, ವಿನ್ಯಾಸ ಇಲ್ಲ ಎಂದರೆ ಸಿಎಸ್‌ಎಸ್ ಫೈಲಿನ 'ಕಂಟೆಂಟ್-ಟೈಪ್' ನೋಡಿ. ಅದು ಎಚ್‌ಟಿಎಂಎಲ್ ಎಂದಿದ್ದರೆ ಬ್ರೌಸರ್ ಅದನ್ನು ಬಳಸುವುದಿಲ್ಲ. ಸಾಮಾನ್ಯವಾಗಿ ಆ ಫೈಲ್ ಇರುವುದೇ ಇಲ್ಲ, ಅದರ ಬದಲು ಇಂಡೆಕ್ಸ್ ಪುಟ 200 ಅಂಕಿಯೊಂದಿಗೆ ಬಂದಿರುತ್ತದೆ. ಆರನೇ ಹಂತದಲ್ಲಿ ಹೇಳಿದ ಪರಿಹಾರದ ಅಡ್ಡಪರಿಣಾಮ ಇದು.

ಕನ್ನಡ ಅಕ್ಷರದ ಬದಲು ವಿಚಿತ್ರ ಚಿಹ್ನೆಗಳು ಬಂದರೆ ಅದು ಫಾಂಟ್ ತೊಂದರೆಯಲ್ಲ. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಬ್ರೌಸರ್ ಹಳೇ ಎನ್‌ಕೋಡಿಂಗ್ ಎಂದು ತಿಳಿದು ಪ್ರತಿ ಬೈಟನ್ನೂ ಒಂದೊಂದು ಅಕ್ಷರವಾಗಿ ಓದಿದೆ. ಅದಕ್ಕೇ 'ಕ' ಇದ್ದ ಕಡೆ ಮೂರು ಚಿಹ್ನೆ. ಹೆಡರ್‌ನಲ್ಲಿ ಯುಟಿಎಫ್-8 ಎಂದು ಹೇಳಿ. ಪುಟದ ಒಳಗೆ ಹೇಳುವುದಾದರೆ ಅದು ಮೊದಲ 1024 ಬೈಟ್ ಒಳಗೇ ಇರಬೇಕು. ಫಾಂಟ್ ಇಲ್ಲದಿದ್ದರೆ ಕಾಣುವುದು ಖಾಲಿ ಚೌಕಗಳು. ಎರಡರ ಲಕ್ಷಣ ಬೇರೆ.

ಎಚ್‌ಟಿಟಿಪಿಎಸ್ ಪುಟದೊಳಗೆ ಎಚ್‌ಟಿಟಿಪಿ ಸ್ಕ್ರಿಪ್ಟ್ ಕರೆದರೆ ಬ್ರೌಸರ್ ತಡೆಯುತ್ತದೆ. ಲಿಂಕ್ ತಿದ್ದಿ.

'ಕಾರ್ಸ್' ಎರರ್ ಬಂದರೆ ಗೊಂದಲ ಜಾಸ್ತಿ. ಲಾಗ್‌ನಲ್ಲಿ 200 ಇರುತ್ತದೆ, ಕನ್ಸೋಲ್‌ನಲ್ಲಿ ಕೆಂಪು. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಸರ್ವರ್ ಉತ್ತರ ಕೊಟ್ಟಿದೆ, ಆದರೆ ಬೇರೆ ಸೈಟಿನ ಪುಟ ಅದನ್ನು ಓದಬಹುದು ಎಂಬ ಒಪ್ಪಿಗೆ ಹೆಡರ್‌ನಲ್ಲಿ ಇಲ್ಲ. ಹಾಗಾಗಿ ಬ್ರೌಸರ್ ಸ್ಕ್ರಿಪ್ಟಿಗೆ ಅದನ್ನು ಕೊಡುವುದಿಲ್ಲ. ಒಪ್ಪಿಗೆ ಕೊಡಬೇಕಾದ್ದು ಉತ್ತರ ಕೊಡುವ ಸರ್ವರ್. ನಿಮ್ಮ ಪುಟದ ಕೋಡ್‌ನಲ್ಲಿ ಆ ಹೆಡರ್ ಸೇರಿಸಿ ಉಪಯೋಗವಿಲ್ಲ. ಒಂದು ಎಚ್ಚರಿಕೆ: ಸರ್ವರ್ 500 ಕೊಟ್ಟಾಗಲೂ ಆ ಹೆಡರ್ ಇಲ್ಲದೆ ಕನ್ಸೋಲ್ ಕಾರ್ಸ್ ಎಂದೇ ಕೂಗಬಹುದು. ಅಂಕಿ ನೋಡದೆ ನಂಬಬೇಡಿ.

## ಹಂತ 9: ತೆರೆಯುತ್ತದೆ, ಆದರೆ ನಿಧಾನ

ನೆಟ್‌ವರ್ಕ್ ಟ್ಯಾಬ್‌ನಲ್ಲಿ ಒಂದು ಸಾಲು ಒತ್ತಿ 'ಟೈಮಿಂಗ್' ತೆರೆಯಿರಿ. ಮೇಲಿನ ಹಂತಗಳೇ ಅಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ: ಡಿಎನ್‌ಎಸ್, ಕನೆಕ್ಷನ್, ಎಸ್‌ಎಸ್‌ಎಲ್ (ಸರ್ಟಿಫಿಕೇಟ್ ಹಂತ), ಕಾಯುವಿಕೆ, ಡೌನ್‌ಲೋಡ್. ಕಾಯುವ ಪಟ್ಟೆ ಉದ್ದವಿದ್ದರೆ ಸರ್ವರ್ ಪುಟ ತಯಾರಿಸಲು ತಡ ಮಾಡುತ್ತಿದೆ. ಡೌನ್‌ಲೋಡ್ ಉದ್ದವಿದ್ದರೆ ಫೈಲ್ ದೊಡ್ಡದು ಅಥವಾ ನೆಟ್ ಮಂದ. ಎರಡೂ ಚಿಕ್ಕದಿದ್ದು ಪುಟ ಬೆಳ್ಳಗೇ ಕೂತಿದ್ದರೆ ಯಾವುದೋ ಸ್ಕ್ರಿಪ್ಟ್ ದಾರಿಗೆ ಅಡ್ಡ ನಿಂತಿದೆ. ಅದಕ್ಕೆ 'ಡಿಫರ್' (ಪುಟ ಓದಿ ಮುಗಿದ ಮೇಲೆ ಓಡು ಎಂಬ ಸೂಚನೆ) ಹಾಕಿ ನೋಡಿ.

## ಬೇರೆಯವರ ಸಹಾಯ ಕೇಳುವ ಮೊದಲು

ಸೈಟಿನ ಪೂರ್ತಿ ವಿಳಾಸ, ಎರರ್ ಕೋಡ್, ಸಮಯ, ಎನ್‌ಎಸ್‌ಲುಕಪ್ ಉತ್ತರ, ರಿಮೋಟ್ ಅಡ್ರೆಸ್, ಯಾವ ಹಂತದವರೆಗೆ ಸರಿಯಿದೆ ಎಂಬುದು. ಇಷ್ಟು ಕೊಟ್ಟರೆ ನೋಡುವವರಿಗೆ ಅರ್ಧ ಕೆಲಸ ಮುಗಿದಿರುತ್ತದೆ. "ಆಗ್ತಿಲ್ಲ" ಎಂಬ ಒಂದು ಪದದ ಜೊತೆ ಮಸುಕಾದ ಫೋಟೋ ಕಳಿಸಬೇಡಿ.

ನೆಟ್‌ವರ್ಕ್ ಟ್ಯಾಬ್‌ನಿಂದ ಇಡೀ ದಾಖಲೆಯನ್ನು ಹಾರ್ ಫೈಲ್ ಆಗಿ ಉಳಿಸಿ ಕಳಿಸುವ ಅನುಕೂಲವೂ ಇದೆ. ಆದರೆ ಅದರೊಳಗೆ ನಿಮ್ಮ ಕುಕಿ, ಲಾಗಿನ್ ಟೋಕನ್ ಇರಬಹುದು. ಅದು ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಹೆಸರಲ್ಲಿ ಒಳಗೆ ಬರಬಲ್ಲರು. ಕಳಿಸುವ ಮೊದಲು ಫೈಲನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು 'ಕುಕಿ' (cookie), 'ಆಥರೈಸೇಶನ್' (authorization) ಎಂಬ ಪದ ಹುಡುಕಿ, ಅವುಗಳ ಮುಂದಿನದನ್ನು ಅಳಿಸಿ. ಆಗಲೇ ಕಳಿಸಿಬಿಟ್ಟಿದ್ದರೆ ಆ ಸೈಟಿನ ಎಲ್ಲ ಲಾಗಿನ್‌ಗಳಿಂದ ಈಗಲೇ ಲಾಗೌಟ್ ಆಗಿ.